ಪದ ಬೇಕು: ಕಣ್ಣಲ್ಲೇ ಆರಿಸುವುದಕ್ಕೆ ಏನೆನ್ನೋಣ?

ಗೆಳೆಯರೇ, ನಮಸ್ಕಾರ.

ತುಮಕೂರಿನಲ್ಲಿ ನಾವು ನಾಲ್ಕೈದು ಜನ ಸೇರಿ ಒಂದು ಆ್ಯಪ್ ಮಾಡುತ್ತಿದ್ದೇವೆ. ನಮ್ಮ ಕಡೆ ಜಾತ್ರೆಗೆ, ಊರಹಬ್ಬಕ್ಕೆ ಆಡುವ ಪೌರಾಣಿಕ ನಾಟಕಗಳನ್ನು ತಲೆಗೆ ತೊಡುವ ಹೆಡ್‌ಸೆಟ್‌ನಲ್ಲಿ ತೋರಿಸಬೇಕು ಅನ್ನುವ ಆಸೆ. ರಂಗದ ಮೇಲೆ ಆನೆ ಕುದುರೆಗಳನ್ನೇ ತಂದ ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು ಈ ಜಿಲ್ಲೆಯಲ್ಲೇ ಅಲ್ವಾ. ಇವತ್ತಿಗೂ ಹಳ್ಳಿಯವರು ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿ, ಬೆಳಗಿನ ಜಾವದ ತನಕ ಆಡುತ್ತಾರೆ. ಮುಂದಿನ ಸಾಲಲ್ಲಿ ಚಾಪೆ ಹಾಕಿಕೊಂಡು ಕೂತು ನೋಡಿದ ಹಾಗೇ ಇರಬೇಕು. ಆ್ಯಪ್‌ನ ಮಾತೆಲ್ಲ ಕನ್ನಡದಲ್ಲೇ ಇರಬೇಕು. ಸಿಕ್ಕಿಕೊಂಡಿರುವುದು ಅಲ್ಲೇ.

ನಮ್ಮ ಹತ್ತಿರ ಇರುವುದು ಆ್ಯಪಲ್ ವಿಷನ್ ಪ್ರೊ. 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು. ಇದಕ್ಕೆ ಮೌಸ್ ಬೇಡ, ರಿಮೋಟ್ ಬೇಡ. ಬೇಕಾದ ಚಿತ್ರದ ಕಡೆ ನೋಡಿದರೆ ಅದು ಸ್ವಲ್ಪ ಬೆಳಗುತ್ತದೆ. ಆಗ ಹೆಬ್ಬೆರಳನ್ನೂ ತೋರುಬೆರಳನ್ನೂ ಒಮ್ಮೆ ತಾಗಿಸಿ ಬಿಟ್ಟರೆ ತೆರೆದುಕೊಳ್ಳುತ್ತದೆ. ಕೈ ಎತ್ತುವುದೂ ಬೇಡ, ತೊಡೆ ಮೇಲೆ ಇದ್ದರೂ ಆಗುತ್ತದೆ. ಮೊದಲ ಸಲ ತೊಟ್ಟವರಿಗೆ ಈ ಎರಡು ಕೆಲಸವನ್ನು ಎರಡೇ ಸಾಲಿನಲ್ಲಿ ಹೇಳಿಕೊಡಬೇಕು.

'ನೋಡಿ' ಅಂತಲೇ ಬರೆಯಬಹುದಲ್ಲ ಅನ್ನಬಹುದು. ತೊಂದರೆ ಏನೆಂದರೆ, ನಮ್ಮ ಆ್ಯಪ್‌ನ ದೊಡ್ಡ ಬಟನ್ನೇ 'ನಾಟಕ ನೋಡಿ'. ಅದರ ಮೇಲೆ 'ನಾಟಕವನ್ನು ನೋಡಿ, ಬೆರಳು ತಾಗಿಸಿ' ಅಂತ ಬಂದರೆ ಯಾವ ನೋಡುವುದು ಯಾವುದು ಅಂತ ಗೊತ್ತಾಗುವುದಿಲ್ಲ. ನಾಟಕ ನೋಡುವುದಕ್ಕೂ ಆರಿಸಲು ನೋಡುವುದಕ್ಕೂ ಬೇರೆ ಬೇರೆ ಮಾತು ಬೇಕೇ ಬೇಕು.

ಮೊದಲು 'ದಿಟ್ಟಿಸಿ' ಅಂತ ಹಾಕಿದೆವು. ನಮಗೆ ನೆರವಾಗುತ್ತಿರುವ ಹಿರಿಯ ಹಾರ್ಮೋನಿಯಂ ಮೇಷ್ಟ್ರೊಬ್ಬರು ಅದನ್ನು ಓದಿ, ರೆಪ್ಪೆ ಬಡಿಯದೆ ನೋಡುತ್ತಾ ಕೂತರು. ಕಣ್ಣಲ್ಲಿ ನೀರು ಬಂತು. ಚಿತ್ರ ಆಗಲೇ ಬೆಳಗಿತ್ತು, ಅವರು ಇನ್ನೂ ಏನೋ ಆಗಬೇಕು ಅಂತ ಕಾಯುತ್ತಿದ್ದರು. ಆಮೇಲೆ 'ಕಣ್ಣು ಹಾಯಿಸಿ' ಅಂತ ಮಾಡಿದೆವು. ಅವರ ಕಣ್ಣು ಸಾಲಿನ ಈ ತುದಿಯಿಂದ ಆ ತುದಿಗೆ ಓಡಿತು, ಬೆಳಕೂ ಅದರ ಹಿಂದೆಯೇ ಓಡಿತು. ಎರಡು ಸಲವೂ ಅವರು ಮಾಡಿದ್ದು ಸರಿಯೇ. ನಾವು ಬರೆದದ್ದನ್ನೇ ಅವರು ಮಾಡಿದ್ದು.

'ಕಣ್ಣು ಹಾಕಿ' ಅನ್ನುವ ಹಾಗೇ ಇಲ್ಲ. 'ದೃಷ್ಟಿ' ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಮೆಣಸಿನಕಾಯಿ ನಿವಾಳಿಸುವುದು. 'ನೋಟ ನಿಲ್ಲಿಸಿ' ಚೆನ್ನಾಗಿತ್ತು, ಆದರೆ ನೋಡುವುದನ್ನೇ ಬಿಡಿ ಅನ್ನುವ ಅರ್ಥವೂ ಬರುತ್ತದೆ. 'ಕಣ್ಣಿಡಿ' ಅಂದರೆ ಪೊಲೀಸರು ಕಣ್ಣಿಟ್ಟ ಹಾಗೆ. ಇದು ನನಗೆ ಜಾಸ್ತಿ ಮುಖ್ಯ. ಯಾಕೆಂದರೆ ಈ ಸಾಧನ ನಿಮ್ಮ ಕಣ್ಣು ಎಲ್ಲಿದೆ ಅಂತ ಆ್ಯಪ್‌ಗೆ ಹೇಳುವುದೇ ಇಲ್ಲ. ಬೆಳಗಿಸುವ ಕೆಲಸ ಸಿಸ್ಟಮ್ಮೇ ಮಾಡುತ್ತದೆ. ಬೆರಳು ತಾಗಿಸಿದ ಮೇಲಷ್ಟೇ ಯಾವುದನ್ನು ಆರಿಸಿದರು ಅನ್ನುವುದು ನಮಗೆ ತಿಳಿಯುತ್ತದೆ. ಇಷ್ಟು ಜೋಪಾನವಾಗಿ ಮಾಡಿರುವುದಕ್ಕೆ ಕಾವಲಿನ ಮಾತು ಹಚ್ಚಿ ಜನರನ್ನು ಹೆದರಿಸಬಾರದು.

'ಫೋಕಸ್' ಅಂತಲೇ ಬಿಡಿ ಅಂತ ಜೊತೆಯವರು ಹೇಳಿದರು. ಟಿವಿಗೆ ಆ್ಯಪ್‌ಗಳು ಬಂದಾಗ, ರಿಮೋಟ್‌ನ ಬಾಣ ಒತ್ತಿದರೆ ಒಂದು ಚಿತ್ರದಿಂದ ಪಕ್ಕದ ಚಿತ್ರಕ್ಕೆ ಹೋಗುವ ಹೊಳಪಿಗೆ ಅದೇ ಹೆಸರು ಇತ್ತು, ನಿಜ. ಆದರೆ ನಾಟಕದವರಿಗೆ ಫೋಕಸ್ ಅಂದರೆ ಲೈಟು. 'ಪರದೆ'ಯ ಕಥೆಯೂ ಇದೇ. ಕಂಪ್ಯೂಟರಿನವರಿಗೆ ಅದು ಸ್ಕ್ರೀನು. ನಾಟಕದವರಿಗೆ ದರ್ಬಾರಿನ ಪರದೆ, ಕಾಡಿನ ಪರದೆ. ಹಾಗಾಗಿ ಆ ಮಾತನ್ನು ರಂಗಕ್ಕೇ ಬಿಟ್ಟುಕೊಟ್ಟಿದ್ದೇವೆ. ಗಾಳಿಯಲ್ಲಿ ತೇಲುವ ಚೌಕಕ್ಕೆ 'ಕಿಟಕಿ' ಸಾಕು.

ನನ್ನ ಮನಸ್ಸು ಈಗ 'ನೋಟ ಊರಿ' ಕಡೆ ವಾಲಿದೆ. ಕಾಲೂರು, ಮಂಡಿಯೂರು, ಬೇರೂರು ಅನ್ನುವಾಗಿನ ಊರು. ಅದರಲ್ಲಿ ಒಂದು ಕಡೆ ನೆಲೆ ನಿಲ್ಲುವುದೂ ಇದೆ, ಬಿರುನೋಟದ ಒತ್ತಡವೂ ಇಲ್ಲ. 'ಬೇಕಾದ ಸೀನಿನ ಮೇಲೆ ನೋಟ ಊರಿ.' ಓದುವುದಕ್ಕೆ ಹಿತವಾಗಿದೆ. ಆದರೆ ಆಡುಮಾತಿನಲ್ಲಿ ಯಾರಾದರೂ ಕಣ್ಣಿಗೆ, ನೋಟಕ್ಕೆ ಊರು ಬಳಸುತ್ತಾರಾ? ನಾನು ಕೇಳಿಲ್ಲ.

ಬೆರಳಿನ ಕೆಲಸಕ್ಕೆ 'ಚಿವುಟಿ' ಅಂದರೆ ಜನ ಕೈ ಚಾಚಿ ಗಾಳಿಯಲ್ಲಿ ಚಿತ್ರವನ್ನೇ ಚಿವುಟಲು ಹೋಗುತ್ತಾರೆ. ಚಿವುಟುವುದಕ್ಕೆ ಒಂದು ವಸ್ತು ಬೇಕಲ್ಲ! 'ಚಿಟಿಕೆ' ಅಂದರೆ ಟಕ್ ಅಂತ ಚಿಟಿಕೆ ಹೊಡೆಯುತ್ತಾರೆ. ಅದು ಒಮ್ಮೆ ನಡೆಯುತ್ತದೆ, ಒಮ್ಮೆ ಇಲ್ಲ. ಒಬ್ಬ ಪಾತ್ರಧಾರಿ 'ಚಿನ್ಮುದ್ರೆ ಅನ್ನಿ' ಅಂದರು. ಕೈ ಸರಿಯಾಗಿ ಅದೇ ಆಕಾರಕ್ಕೆ ಬರುತ್ತದೆ, ಆದರೆ ಹಾಗೆಯೇ ಹಿಡಿದುಕೊಂಡು ಕೂತುಬಿಡುತ್ತಾರೆ. ಇಲ್ಲಿ ತಾಗಿಸಿ ಬಿಡಬೇಕು. ಸದ್ಯಕ್ಕೆ 'ಬೆರಳು ತಾಗಿಸಿ' ಇಟ್ಟಿದ್ದೇವೆ. ಇದಕ್ಕಿಂತ ಚಿಕ್ಕದು ಇದ್ದರೆ ಒಳ್ಳೆಯದು.

ಹಾಗಾಗಿ ಕೇಳುತ್ತಿರುವುದು ಇಷ್ಟು. 'ನೋಟ ಊರಿ' ನಿಮ್ಮ ಕಿವಿಗೆ ಸಹಜವಾಗಿ ಕೇಳುತ್ತದಾ, ಇಲ್ಲ ಕಟ್ಟಿದ್ದು ಅನ್ನಿಸುತ್ತದಾ? ನೋಟ ಬಿದ್ದಾಗ ಬೆಳಗಿದ ಚಿತ್ರಕ್ಕೆ ಒಂದು ಹೆಸರು ಬೇಕು. 'ಬೆಳಗಿದ ಚಿತ್ರ' ಅಂದರೆ ಸಾಕಾ? ಎರಡು ಬೆರಳ ತುದಿ ತಾಗಿಸಿ ಬಿಡುವುದಕ್ಕೆ ನಿಮ್ಮ ಮನೆಯಲ್ಲಿ, ಹೊಲದಲ್ಲಿ, ಹೂ ಕಟ್ಟುವಾಗ, ರಂಗೋಲಿ ಹಾಕುವಾಗ ಬೇರೆ ಮಾತು ಇದೆಯಾ? ತಿಪಟೂರು, ಶಿರಾ, ಪಾವಗಡದ ಕಡೆಯವರು, ಕೋಲಾರದವರು ದಯವಿಟ್ಟು ತಿಳಿಸಿ. ಮಾತು ಸಿಕ್ಕರೆ ಅದನ್ನು ಯಾವಾಗ, ಹೇಗೆ ಆಡುತ್ತೀರಿ ಅನ್ನುವ ಒಂದು ವಾಕ್ಯವನ್ನೂ ಜೊತೆಗೆ ಬರೆಯಿರಿ.