ಸಹಾಯ ಬೇಕು: ತೋಡಿನ ನೀರು ಆರೋಗ್ಯವಾಗಿದ್ಯಾ ಅಂತ ನೋಡೋದು ಹೇಗೆ?

ಕೊಡಗಿನ ಬಾಳೆಲೆ ಊರ ಕಡೆ ನಮ್ ಕಾಫಿ ತೋಟಕ್ಕೂ ಗದ್ದೆಗೂ ಮಧ್ಯ ಒಂದು ಸಣ್ಣ ತೋಡಿದೆ (ಹಳ್ಳ), ಮುಂಚೆ ಕಕ್ಕಡದಲ್ಲಿ (ಜುಲೈ-ಆಗಸ್ಟ್ ಮಳೆ ತಿಂಗಳು) ಅರ್ಧ ಗಂಟೆ ಕೈ ಹಾಕಿದ್ರೆ ಸಾರಿಗಾಗೋಷ್ಟು ಏಡಿ ಸಿಗ್ತಿತ್ತು, ಈಗ ಕಲ್ಲು ಮಗುಚಿದ್ರೂ ಒಂದೂ ಇಲ್ಲ. ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ) ಟೈಮಲ್ಲಿ ಮೇಲಿಂದ ಹುಳಿ ವಾಸನೆ ನೀರು ಬರುತ್ತೆ, ಅದು ಕೊಳೀತಾ ನೀರಲ್ಲಿರೋ ಆಕ್ಸಿಜನ್ ಎಲ್ಲ ತಿಂದುಬಿಡುತ್ತೆ, ಜೊತೆಗೆ ಗಿಡದ ರೋಗಕ್ಕೆ ಹೊಡೆಯೋ ಬೋರ್ಡೋ ಸ್ಪ್ರೇದು ಮೈಲುತುತ್ತ ಬೇರೆ (ನಾವೂ ಹೊಡೀತೀವಿ, ಸುಳ್ಳು ಯಾಕೆ ಹೇಳ್ಲಿ). ಪಿಎಚ್ ಸ್ಟ್ರಿಪ್ 6.5 ತೋರಿಸ್ತು, ಆದ್ರೆ ಅದು ಆ ಹೊತ್ತಿನ ಕಥೆ ಅಷ್ಟೆ. ಕಲ್ಲಡಿ ಮೇಫ್ಲೈ, ಸ್ಟೋನ್‌ಫ್ಲೈ ಮರಿಹುಳ ಇದ್ರೆ ನೀರು ಚೆನ್ನಾಗಿದೆ ಅಂತ, ಬರೀ ಕೆಂಪು ಹುಳ ಇದ್ರೆ ಆಕ್ಸಿಜನ್ ಕಮ್ಮಿ ಅಂತ ಓದಿದೀನಿ, ನಂಗೆ ಸಿಕ್ಕಿದ್ದು ಕೆಂಪುವೇ ಜಾಸ್ತಿ. ಈ ಹುಳ ಹಿಡಿದು ನೋಡೋಕೆ ಎಷ್ಟು ಕಡೆ ಬಲೆ ಹಾಕ್ಬೇಕು, ಮಳೆಗೆ ಮುಂಚೆನಾ ಆಮೇಲಾ? ಗೊತ್ತಿರೋರು ಹೇಳಿ ಪ್ಲೀಸ್. ನೀರಿನ ಆಕ್ಸಿಜನ್ ಅಳೆಯೋ ಕಿಟ್ ಯಾರತ್ರ ಆದ್ರೂ ಇದ್ರೆ ಎರಡು ದಿನಕ್ಕೆ ಕೊಡ್ತೀರಾ, ಬೆಳಗಿನ ಜಾವ ಒಂದ್ಸಲ ನೋಡ್ಬೇಕು.