ಅಪ್ಪ-ಅವ್ವ ಮಿಷನ್ ಸೇವೆಗೆ ಕೀನ್ಯಾಕ್ಕ ಹೊಂಟಾರ, ಏನೇನು ತಯಾರಿ ಬೇಕು?

ಪ್ರಶ್ನೆ (ಧಾರವಾಡ): ಅಪ್ಪಗ 67, ಅವ್ವಗ 63. ಚರ್ಚಿನ ಸಭೆಯಿಂದ ನೈರೋಬಿ ಹತ್ರದ ಊರಿಗೆ ಒಂದೂವರಿ ವರ್ಷ ಹೊಂಟಾರ. ಅವ್ವ ಇನ್ಸುಲಿನ್ ತಗೋತಾರ, ರೊಟ್ಟಿ ಇಲ್ದ ಇಬ್ಬರಿಗೂ ಊಟ ಸೇರಂಗಿಲ್ಲ. ಅಪ್ಪನ ಪಿಂಚಣಿದೂ ಚಿಂತಿ ಐತಿ.

ಉತ್ತರ 1: ಮೊದಲು ಹಳದಿ ಜ್ವರದ ಲಸಿಕೆ ನೋಡ್ರಿ. ಹಾಕಿಸಿದ 10 ದಿನಕ್ಕ ಪ್ರಮಾಣಪತ್ರ ಊರ್ಜಿತ ಆಗ್ತದ. ಅದಿಲ್ದ ವಾಪಸ್ ಬಂದ್ರ ಭಾರತದಾಗ 6 ದಿನದವರೆಗೆ ಪ್ರತ್ಯೇಕ ಇಡ್ತಾರ. 60 ದಾಟಿದವರಿಗೆ ಮೊದಲ ಡೋಸಿನ ಅಡ್ಡಪರಿಣಾಮದ ಅಪಾಯ ಜಾಸ್ತಿ, ಡಾಕ್ಟರನ್ನ ಕೇಳದ ಹಾಕಿಸಬ್ಯಾಡ್ರಿ. ಇನ್ಸುಲಿನ್ ಕೈಚೀಲದಾಗೇ ಇರಲಿ. ಲಗೇಜಿನ್ಯಾಗ ಹೆಪ್ಪುಗಟ್ಟಿದ್ರ ಕರಗಿದ ಮ್ಯಾಲೂ ಕೆಲಸಕ್ಕ ಬರಂಗಿಲ್ಲ. ಡಾಕ್ಟರ ಚೀಟಿಯೊಳಗ ಕಂಪನಿ ಹೆಸರಿನ ಜೋಡಿ ಔಷಧದ ಮೂಲ ಹೆಸರೂ ಬರೆಸ್ರಿ. ಅಲ್ಲಿ ಗಡಿಯಾರ ನಮಗಿಂತ ಎರಡೂವರಿ ತಾಸು ಹಿಂದ, ಇಂಜೆಕ್ಷನ್ ಹೊತ್ತು ಹೆಂಗ ಹೊಂದಿಸೋದು ಅಂತ ಹೋಗೂ ಮೊದಲೇ ಕೇಳ್ರಿ.

ಉತ್ತರ 2: ರೊಟ್ಟಿ ಚಿಂತಿ ಬಿಡ್ರಿ ಅಕ್ಕಾರ. ಜೋಳಕ್ಕ ಅಲ್ಲಿ ‘ಮ್ತಾಮಾ’ ಅಂತಾರ, ಹಿಟ್ಟು ಸಿಗ್ತದ. ಹಿಟ್ಟು ಹಳೇದಾದ್ರ ಜಿಗಿ ಹೋಗಿ ರೊಟ್ಟಿ ಅಂಚು ಸೀಳ್ತದ, ಅದಕ್ಕ ಸಣ್ಣ ಪೊಟ್ಟಣ ತಗೋಬೇಕು. ಎಸರು ಕೊತಕೊತ ಕುದಿಯೋವಾಗ ಹಿಟ್ಟು ಹಾಕಿ ಮುಚ್ಚಿಟ್ಟು, ಬಿಸಿ ಇದ್ದಾಗಲೇ ಚಂದಂಗ ನಾದಬೇಕು. ಮೊದಲ ವಾರಕ್ಕ ಖಡಕ್ ರೊಟ್ಟಿ ಕಟ್ಟಿಕೊಡ್ರಿ, ಪೂರಾ ಒಣಗಿರಲಿ. ಸ್ವಲ್ಪ ಹಸಿ ಉಳಿದ್ರೂ ಬೂಸರು. ಪ್ಲಗ್ ಅಲ್ಲಿ ಚೌಕ ಪಿನ್ನಿಂದು, ಅಡಾಪ್ಟರ್ ಬೇಕು.

ಉತ್ತರ 3: ಪಿಂಚಣಿಗೆ ನವೆಂಬರದಾಗ ಜೀವಂತ ಪ್ರಮಾಣಪತ್ರ ಕೊಡಬೇಕು. ಜೀವನ್ ಪ್ರಮಾಣ್ ಆ್ಯಪಿನ್ಯಾಗ ಮುಖ ತೋರಿಸಿ ಮಾಡ್ಬಹುದು. ಇಲ್ಲೇ ಒಮ್ಮೆ ಮಾಡಿಸಿ ಕಲಿಸ್ರಿ, ಮಂದ ಬೆಳಕಿನ್ಯಾಗ ಮುಖ ಹಿಡಿಯಂಗಿಲ್ಲ. ಬ್ಯಾಂಕಿನ ಒಟಿಪಿ ಬರೋ ಸಿಮ್ಮಿಗೆ ರೋಮಿಂಗ್ ಮರೀಬ್ಯಾಡ್ರಿ.