ಸ್ಟೇರಿಂಗ್ ತಿರುಗಿಸಿದರೆ ಟಕ್ ಟಕ್: ರ‍್ಯಾಕ್ ಬದಲಿಸಲು ಹೇಳಿದ್ದಾರೆ, ಏನು ಮಾಡಲಿ?

ಟಕ್ಟಕ್_ಕಾರು: ಫ್ರಂಟ್ ವೀಲ್ ಡ್ರೈವ್, ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್, 92 ಸಾವಿರ ಕಿಲೋಮೀಟರ್ ಓಡಿದೆ. ಪೂರ್ತಿ ಬಲಕ್ಕೆ ಕಟ್ ಹೊಡೆದು ಆಕ್ಸಿಲರೇಟರ್ ಕೊಟ್ಟರೆ ಎಡಗಡೆ ಮುಂದಿನ ಚಕ್ರದಿಂದ ಟಕ್ ಟಕ್ ಟಕ್. ನೇರ ಓಡಿಸಿದರೆ ಸದ್ದಿಲ್ಲ. ಗ್ಯಾರೇಜಿನವರು ಸ್ಟೇರಿಂಗ್ ರ‍್ಯಾಕ್ (ಸ್ಟೇರಿಂಗ್ ತಿರುವನ್ನು ಚಕ್ರಗಳಿಗೆ ದಾಟಿಸುವ ಹಲ್ಲಿನ ದಂಡ) ಹೋಗಿದೆ ಅಂದರು. ಅನುಭವ ಇದ್ದವರು ಹೇಳಿ.

ಬೇರಿಂಗ್_ಬಲಿಪಶು: ರ‍್ಯಾಕ್ ಅಂದ ತಕ್ಷಣ ನನಗೆ ಹೊಟ್ಟೆ ಉರಿಯುತ್ತದೆ. ನನಗೂ ಹಾಗೇ ಹೇಳಿದ್ದರು. ನಂಬಿದೆ. ಕಾರು 11 ದಿನ ಅಲ್ಲೇ ಬಿದ್ದಿತ್ತು, ಮೊದಲು ಬಂದ ರ‍್ಯಾಕ್ ಬೇರೆ ಮಾಡೆಲ್‌ನದ್ದು ಅಂತ ವಾಪಸ್ ಹೋಯಿತು, ಎರಡನೆಯದು ಹಾಕುವಾಗ ಎರಡೂ ಕಡೆ ಟೈ ರಾಡ್ ಎಂಡ್ (ಅದನ್ನು ಚಕ್ರಕ್ಕೆ ಜೋಡಿಸುವ ಕೀಲು) ಬದಲಿಸಿದರು, ಆಮೇಲೆ ಅಲೈನ್‌ಮೆಂಟ್, ಅದೂ ಸರಿಯಾಗದೆ ಇನ್ನೊಂದು ಸಲ ಅಲೈನ್‌ಮೆಂಟ್. ಬಿಲ್ಲು ತಿಂಗಳ ಸಂಬಳದ ಅರ್ಧಕ್ಕಿಂತ ಜಾಸ್ತಿ. ಗೇಟು ದಾಟಿ ಮೊದಲ ತಿರುವಿನಲ್ಲೇ ಅದೇ ಸದ್ದು! ಕೊನೆಗೆ ಬೇರೆ ಕಡೆಯ ಹುಡುಗ ಒಬ್ಬ ಬಾನೆಟ್ ಎತ್ತಿ, ಮುಂದಿನ ಸ್ಪ್ರಿಂಗ್ ಮೇಲೆ ಕೈ ಇಟ್ಟು, ನನಗೆ ನಿಂತಲ್ಲೇ ಸ್ಟೇರಿಂಗ್ ತಿರುಗಿಸಲು ಹೇಳಿದ. ಸ್ಪ್ರಿಂಗ್ ಸಲೀಸಾಗಿ ತಿರುಗುತ್ತಿರಲಿಲ್ಲ. ಬಿಗಿದುಕೊಂಡು ಆಮೇಲೆ ಡೊಂಯ್ ಅಂತ ಬಿಡುತ್ತಿತ್ತು. ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಮೇಲಿನ ಬೇರಿಂಗ್ ತುಕ್ಕು ಹಿಡಿದಿತ್ತು, ಅಷ್ಟೇ. ತೆಗೆದ ಹಳೇ ರ‍್ಯಾಕ್ ಇನ್ನೂ ಮನೆಯಲ್ಲಿದೆ, ದಿನಾ ಕಣ್ಣಿಗೆ ಬೀಳುತ್ತದೆ.

ಎಣ್ಣೆಕೈ: ಮೊದಲು ಪವರ್ ಸ್ಟೇರಿಂಗ್ ಆಯಿಲ್ ನೋಡಿ ಸ್ವಾಮಿ. ನನ್ನ ಗಾಡಿಯಲ್ಲಿ ಸ್ಟೇರಿಂಗ್ ತುದಿವರೆಗೆ ತಿರುಗಿಸಿದರೆ ಗೊಂಯ್ ಅಂತಿತ್ತು. ಡಬ್ಬಿ ತೆಗೆದು ನೋಡಿದರೆ ಆಯಿಲ್ ಕಮ್ಮಿ, ಮೇಲೆಲ್ಲ ನೊರೆ. ನೊರೆ ಅಂದರೆ ಗಾಳಿ ಸೇರಿದೆ ಅಂತ. ನಾನು ಬುದ್ಧಿವಂತ, ಕೈಗೆ ಸಿಕ್ಕಿದ ಗೇರ್ ಆಯಿಲ್ ಸುರಿದೆ. ಎರಡು ವಾರಕ್ಕೆ ಸೀಲ್ ಸೋರಲು ಶುರು. ಪಂಪ್ ಬಿಚ್ಚಿ, ಪೈಪ್ ತೊಳೆದು, ಸರಿಯಾದ ಆಯಿಲ್ ಹಾಕಿ, ಮುಂದಿನ ಚಕ್ರ ಎತ್ತಿ, ಇಂಜಿನ್ ಆಫ್ ಇಟ್ಟು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಸಲ ತಿರುಗಿಸಿ ಗಾಳಿ ತೆಗೆದೆ.

ಬೇರಿಂಗ್_ಬಲಿಪಶು: ಅವರದ್ದು ಎಲೆಕ್ಟ್ರಿಕ್ ಅಂತ ಮೊದಲ ಸಾಲಲ್ಲೇ ಇದೆ. ಪಂಪೂ ಇಲ್ಲ, ಆಯಿಲೂ ಇಲ್ಲ. ಓದದೆ ಯಾಕೆ ಬರೆಯುತ್ತೀರಿ?

ಎಣ್ಣೆಕೈ: ನನ್ನ ಅನುಭವ ಕೇಳಿದ್ದಕ್ಕೆ ಹೇಳಿದೆ. ನೀವೂ ಬೇರಿಂಗ್ ಕಥೆ ತಾನೇ ಹೇಳಿದ್ದು? ಅವರಿಗೆ ನಿಂತಾಗ ಸದ್ದು ಬರುತ್ತದೆ ಅಂತ ಎಲ್ಲಿದೆ?

ಸ್ಪ್ಯಾನರ್_17: ಇಬ್ಬರದ್ದೂ ತಪ್ಪು. ತಿರುಗಿಸಿ ಎಳೆತ ಕೊಟ್ಟಾಗ ಲಯಬದ್ಧವಾಗಿ ಟಕ್ ಟಕ್ ಅಂದರೆ ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಹೊರಗಿನ ಸಿವಿ ಜಾಯಿಂಟ್, ಅಂದರೆ ಚಕ್ರ ಓರೆಯಾದರೂ ಶಕ್ತಿ ದಾಟಿಸುವ ಕೀಲು. ಚಕ್ರ ತಿರುಗಿಸಿ ಟೈರಿನ ಹಿಂದೆ ಬಗ್ಗಿ ನೋಡಿ. ಜಾಯಿಂಟ್ ಮುಚ್ಚುವ ರಬ್ಬರ್ ಚೀಲ, ಅಂದರೆ ಬೂಟ್, ಹರಿದು ರಿಮ್ಮಿನ ಒಳಗೆಲ್ಲ ಕಪ್ಪು ಗ್ರೀಸ್ ಎರಚಿದ್ದರೆ ಬೇರೆ ಸಾಕ್ಷಿ ಬೇಡ. ನಾನು ನನ್ನದನ್ನು ಮನೆಯಲ್ಲೇ ಬದಲಿಸಿದೆ. ಒಂದು ಭಾನುವಾರ ಪೂರ್ತಿ ಹೋಯಿತು. ಶಾಫ್ಟನ್ನು ಚಕ್ರಕ್ಕೆ ಬಿಗಿಯುವ ಆ್ಯಕ್ಸಲ್ ನಟ್ ಒಂದಕ್ಕೇ ಎರಡು ಗಂಟೆ, ಪಾನಾಕ್ಕೆ ಉದ್ದದ ಪೈಪ್ ತೂರಿಸಿ ಮೇಲೆ ಹತ್ತಿ ಕುಣಿದೆ. ಗೇರ್‌ಬಾಕ್ಸ್‌ನಿಂದ ಶಾಫ್ಟ್ ಎಳೆದಾಗ ಆಯಿಲ್ ನೆಲಕ್ಕೆ ಚೆಲ್ಲಿತು, ಅಷ್ಟನ್ನೇ ಮತ್ತೆ ತುಂಬಿದೆ. ಹಳೇ ನಟ್ ಚೆನ್ನಾಗಿತ್ತು, ಅದನ್ನೇ ಹಾಕಿದೆ. ಎರಡು ವರ್ಷ ಆಯಿತು, ಚಿಂತೆಯಿಲ್ಲ.

ಗ್ಯಾರೇಜಿನವ: ಹಳೇ ನಟ್ಟಾ? ಬಹಳ ಕಾರುಗಳಲ್ಲಿ ಆ ನಟ್ ಒಂದೇ ಸಲ ಬಳಸುವಂಥದ್ದು. ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ) ಹೆಸರೇ ಎತ್ತಲಿಲ್ಲ ನೀವು. ಬಿಗಿತ ಹೆಚ್ಚುಕಮ್ಮಿ ಆದರೆ ವೀಲ್ ಬೇರಿಂಗ್ ಹೋಗುತ್ತದೆ. ಇಂಥ ಭಾನುವಾರದ ಮೆಕ್ಯಾನಿಕ್‌ಗಳ ಕೆಲಸ ಸರಿ ಮಾಡಲು ಸೋಮವಾರ ನಾವು ಅಂಗಡಿ ತೆರೆಯೋದು.

ಸ್ಪ್ಯಾನರ್_17: ಸುಮ್ನೆ ರ‍್ಯಾಕ್ ಬದಲಿಸಿ ಅಂತ ಬಿಲ್ ಹಾಕೋದೂ ನೀವೇ ಅಲ್ವಾ?

ಗ್ಯಾರೇಜಿನವ: ನಾನು ಹಾಕಿಲ್ಲ. ರ‍್ಯಾಕ್ ಅನ್ನುವ ಮೊದಲು ಚಕ್ರ ಎತ್ತಿ, ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸುತ್ತೇನೆ. ಆಟ (ಸಡಿಲ) ಇದ್ದರೆ ಟೈ ರಾಡ್ ಅಥವಾ ರ‍್ಯಾಕ್ ಕಡೆ ನೋಡಬೇಕು. 12 ಮತ್ತು 6ರಲ್ಲಿ ಆಡಿದರೆ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್‌ಗೆ ಹಿಡಿದಿಡುವ ಕೀಲು) ಅಥವಾ ವೀಲ್ ಬೇರಿಂಗ್. ಐದು ನಿಮಿಷದ ಕೆಲಸ. ಆದರೆ ಗಿರಾಕಿ ಫೋನಲ್ಲೇ ಸದ್ದು ಕೇಳಿಸಿ ಎಷ್ಟಾಗುತ್ತೆ ಅಂತಾನೆ.

ಕಿರ್_ಕಿರ್: ಬಾಲ್ ಜಾಯಿಂಟ್ ಅಂದಿರಲ್ಲ, ನನ್ನದು ಹಳೇ ಬಾಗಿಲಿನ ಹಾಗೆ ಕಿರ್ ಅಂತಿತ್ತು. ಯಾರೋ ಸ್ಪ್ರೇ ಹೊಡಿ ಅಂದರು. ಹೊಡೆದೆ, ನಾಲ್ಕು ದಿನ ನಿಂತಿತು, ಮತ್ತೆ ಹೊಡೆದೆ. ಹೀಗೇ ನಾಲ್ಕು ಡಬ್ಬಿ ಖಾಲಿ. ಒಂದು ಸಂಜೆ ಪಾರ್ಕಿಂಗಿನಲ್ಲಿ ರಿವರ್ಸ್ ಮಾಡುವಾಗ ಜಾಯಿಂಟ್ ಕಳಚಿ ಚಕ್ರ ಹೊರಕ್ಕೆ ಮಲಗಿಬಿಟ್ಟಿತು. ಫೆಂಡರ್ ಮಡಚಿತು, ಡ್ರೈವ್ ಶಾಫ್ಟ್ ಹೊರಬಂತು, ಬ್ರೇಕ್ ಪೈಪ್ ಹರಿಯಿತು. ಅದೇ ದಿನ ಬೆಳಿಗ್ಗೆ ಹೆದ್ದಾರಿಯಲ್ಲಿ ಮಕ್ಕಳ ಜೊತೆ ಬಂದಿದ್ದೆ. ಈಗಲೂ ನೆನೆದರೆ ಕೈ ನಡುಗುತ್ತದೆ.

ಎಣ್ಣೆಕೈ: ನಿಂತಲ್ಲೇ ಸ್ಟೇರಿಂಗ್ ತಿರುಗಿಸೋ ಅಭ್ಯಾಸದಿಂದಲೇ ಇದೆಲ್ಲ ಹಾಳಾಗೋದು.

ಬೇರಿಂಗ್_ಬಲಿಪಶು: ಬಾಲ್ ಜಾಯಿಂಟ್ ಕಳಚೋಕೂ ಅದಕ್ಕೂ ಏನ್ ಸಂಬಂಧ? ಧೂಳು ತಡೆಯುವ ಬೂಟ್ ಹರಿದು ನೀರು ಹೋಗಿರುತ್ತದೆ.

ಎಣ್ಣೆಕೈ: ನಾನು ಮೂವತ್ತು ವರ್ಷದಿಂದ ಓಡಿಸ್ತಿದ್ದೀನಿ.

ಬೇರಿಂಗ್_ಬಲಿಪಶು: ಓಡಿಸಿ. ಗೇರ್ ಆಯಿಲ್ ಮಾತ್ರ ಹಾಕಬೇಡಿ.

ಟಕ್ಟಕ್_ಕಾರು: ಬಗ್ಗಿ ನೋಡಿದೆ. ಎಡಗಡೆ ಬೂಟ್ ಸುತ್ತಲೂ ಸೀಳಿದೆ, ರಿಮ್ ಒಳಗೆ ಕಪ್ಪು ಗ್ರೀಸ್. ಹೊಸ ಬೂಟ್ ಹಾಕಿ ಗ್ರೀಸ್ ತುಂಬಿದರೆ ಸಾಕಾ?

ಗ್ಯಾರೇಜಿನವ: ಸದ್ದು ಶುರುವಾದ ಮೇಲೆ ಬೂಟ್ ಹಾಕಿ ಪ್ರಯೋಜನ ಇಲ್ಲ. ಒಳಗೆ ಮಣ್ಣು ಹೋಗಿ ಗುಂಡುಗಳು, ಅವು ಓಡುವ ದಾರಿ ಎರಡೂ ಸವೆದಿರುತ್ತವೆ. ಜಾಯಿಂಟ್ ಬದಲಿಸಿ. ಹೊಸ ನಟ್ ಹಾಕಿಸಿ.

ಸ್ಪ್ಯಾನರ್_17: ಮತ್ತೆ ನಟ್ಟು!